ಹೆಡ್‌ಲೈಟ್ ಮಸುಕು ತೆಗೆದರೂ ಮತ್ತೆ ಬರುವುದೇಕೆ?

ಪ್ರಶ್ನೆ: ಎಂಟು ವರ್ಷ ಹಳೆಯ ನನ್ನ ಕಾರಿನ ಹೆಡ್‌ಲೈಟ್‌ಗಳು ಹಳದಿಗೆ ತಿರುಗಿ ಮಸುಕಾಗಿವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದಾಗ ಹೊಸದರಂತೆ ಹೊಳೆದವು. ಆದರೆ ಎರಡು ತಿಂಗಳೊಳಗೆ ಮೊದಲಿಗಿಂತ ಹೆಚ್ಚು ಮಬ್ಬಾದವು. ವಾಟರ್ ಪೇಪರ್‌ನಿಂದ ಉಜ್ಜಿದರೆ ಶಾಶ್ವತವಾಗಿ ಸರಿಹೋಗುತ್ತದೆಯೇ? ಬೈಕಿನ ವಿಂಡ್‌ಶೀಲ್ಡ್, ಮೀಟರ್ ಗ್ಲಾಸ್ ಮತ್ತು ಹೆಲ್ಮೆಟ್ ವೈಸರ್ ಮೇಲಿನ ಗೀರುಗಳನ್ನೂ ಇದೇ ರೀತಿ ತೆಗೆಯಬಹುದೇ?

ಉತ್ತರ: ವಾಟರ್ ಪೇಪರ್‌ನಿಂದ, ಅಂದರೆ ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದದಿಂದ, ಉಜ್ಜಿದರೆ ಮಸುಕು ಖಂಡಿತ ಹೋಗುತ್ತದೆ. ಆದರೆ ಬರೀ ಉಜ್ಜಿ ಬಿಟ್ಟರೆ ಅದು ಮತ್ತೆ ಬಂದೇ ಬರುತ್ತದೆ. ನಿಮ್ಮ ಹೆಡ್‌ಲೈಟ್‌ಗಳ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ್ದ ಪಾರದರ್ಶಕ ರಕ್ಷಣಾ ಲೇಪನ ಸವೆದುಹೋಗಿದೆ. ಮೂಲ ತೊಂದರೆ ಅದೇ. ಟೂತ್‌ಪೇಸ್ಟ್‌ನಲ್ಲಿರುವ ನುಣುಪಾದ ಉಜ್ಜುವ ಕಣಗಳು ಹಾಳಾದ ಮೇಲ್ಪದರವನ್ನು ಸ್ವಲ್ಪ ಮಟ್ಟಿಗೆ ಕೆರೆದು ತೆಗೆದವು, ಅದರ ಜೊತೆಗೆ ಅಲ್ಲಲ್ಲಿ ಉಳಿದಿದ್ದ ಲೇಪನವನ್ನೂ ತೆಳುವಾಗಿಸಿದವು. ಹಾಗಾಗಿ ಒಳಗಿನ ಪ್ಲಾಸ್ಟಿಕ್ ಯಾವ ಮರೆಯೂ ಇಲ್ಲದೆ ಬಿಸಿಲಿಗೆ ಸಿಕ್ಕಿ ಮೊದಲಿಗಿಂತ ಬೇಗ ಹಾಳಾಯಿತು. ಉಜ್ಜುವುದು ಈ ಕೆಲಸದ ಮೊದಲ ಅರ್ಧ ಮಾತ್ರ. ಕಳೆದುಹೋದ ಲೇಪನದ ಜಾಗದಲ್ಲಿ ಹೊಸದನ್ನು ಕೂರಿಸುವುದು ಎರಡನೆಯ ಅರ್ಧ. ದುರಸ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ನಿರ್ಧರಿಸುವುದೂ ಅದೇ.

ಮೊದಲು ಹೆಡ್‌ಲೈಟ್‌ನ ಮುಂಭಾಗ ಗಾಜಿನದಾಗಿರುತ್ತಿತ್ತು. 1983ರಲ್ಲಿ ಅಮೆರಿಕದಲ್ಲಿ ನಿಯಮ ಬದಲಾದ ನಂತರ ಪ್ಲಾಸ್ಟಿಕ್ ಲೆನ್ಸ್‌ಗಳು ಬಳಕೆಗೆ ಬಂದವು, ಕ್ರಮೇಣ ಎಲ್ಲೆಡೆ ಹಬ್ಬಿದವು. ಈ ಪ್ಲಾಸ್ಟಿಕ್ಕಿನ ಹೆಸರು ಪಾಲಿಕಾರ್ಬೊನೇಟ್. ಇದರ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಕಲ್ಲು ಸಿಡಿದರೂ ಚೂರಾಗುವುದಿಲ್ಲ, ಬೇಕಾದ ಆಕಾರಕ್ಕೆ ಸುಲಭವಾಗಿ ಅಚ್ಚು ಹಾಕಬಹುದು. ಇದರ ದೌರ್ಬಲ್ಯಗಳು ಎರಡು: ಮೇಲ್ಮೈ ಮೆದುವಾದ್ದರಿಂದ ಬೇಗ ಗೀರು ಬೀಳುತ್ತದೆ, ಮತ್ತು ಸೂರ್ಯನ ನೇರಳಾತೀತ ಕಿರಣಗಳು ಇದರ ಅಣುಸರಪಳಿಗಳನ್ನು ತುಂಡರಿಸುತ್ತವೆ. ತುಂಡಾದ ಸರಪಳಿಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಈ ಎರಡೂ ತೊಂದರೆಗಳನ್ನು ತಡೆಯಲೆಂದೇ ತಯಾರಕರು ಲೆನ್ಸ್‌ನ ಹೊರಮೈಗೆ ಒಂದು ಗಟ್ಟಿ ಲೇಪನ ಕೊಡುತ್ತಾರೆ. ಅದರ ದಪ್ಪ ಮೈಕ್ರಾನ್‌ಗಳ, ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗಗಳ, ಲೆಕ್ಕದಲ್ಲಿರುತ್ತದೆ. ಬಿಸಿಲು, ದೂಳು, ಮರಳಿನ ಕಣ, ತೊಳೆಯುವಾಗಿನ ಒರಟು ಬಟ್ಟೆ, ಇವೆಲ್ಲ ಸೇರಿ ವರ್ಷಗಳ ನಂತರ ಅದನ್ನು ಬಿರುಕುಗೊಳಿಸಿ ಚಕ್ಕೆ ಚಕ್ಕೆಯಾಗಿ ಉದುರಿಸುತ್ತವೆ. ಆಕಾಶದತ್ತ ಹೆಚ್ಚು ಓರೆಯಾಗಿರುವ ಮೇಲಂಚಿನಲ್ಲಿ ಮಸುಕು ಮೊದಲು ಕಾಣಿಸುವುದೂ, ಸದಾ ಬಿಸಿಲಿನತ್ತ ನಿಲ್ಲಿಸುವ ಬದಿಯ ದೀಪ ಇನ್ನೊಂದಕ್ಕಿಂತ ಬೇಗ ಹಳದಿಯಾಗುವುದೂ ಇದೇ ಕಾರಣಕ್ಕೆ.

ಇದು ಬರೀ ಅಂದದ ವಿಷಯವೆಂದು ಭಾವಿಸಬೇಡಿ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ತೀರಾ ಹಾಳಾದ ಹೆಡ್‌ಲೈಟ್‌ಗಳು ಲೋ ಬೀಮ್‌ನಲ್ಲಿ ಹೊಸ ದೀಪದ ಸುಮಾರು ಐದನೇ ಒಂದು ಭಾಗದಷ್ಟು ಬೆಳಕನ್ನು ಮಾತ್ರ ಕೊಡುತ್ತಿದ್ದವು. ದುರಸ್ತಿಯ ನಂತರ ಅದು ಸುಮಾರು 70 ಪ್ರತಿಶತಕ್ಕೆ ಏರಿತು. ರಸ್ತೆಗೆ ಬೀಳಬೇಕಾದ ಬೆಳಕು ಒರಟು ಮೇಲ್ಮೈಯಲ್ಲಿ ಚದುರಿ ಎಲ್ಲ ದಿಕ್ಕಿಗೂ ಹೋಗುವುದರಿಂದ ನಿಮಗೆ ರಸ್ತೆ ಕಾಣುವುದು ಕಡಿಮೆಯಾಗುತ್ತದೆ, ಎದುರಿನಿಂದ ಬರುವವರ ಕಣ್ಣು ಕುಕ್ಕುವುದು ಹೆಚ್ಚಾಗುತ್ತದೆ. ಬೆಳಕು ಸಾಲದೆಂದು 55 ವ್ಯಾಟ್‌ನ ಜಾಗಕ್ಕೆ 100 ವ್ಯಾಟ್‌ನ ಬಲ್ಬ್ ಹಾಕಿಸುವವರಿದ್ದಾರೆ. ಅದರಿಂದ ಚದುರುವ ಬೆಳಕು ಮತ್ತಷ್ಟು ಹೆಚ್ಚುತ್ತದೆ, ಜೊತೆಗೆ ಆ ಶಾಖಕ್ಕೆ ರಿಫ್ಲೆಕ್ಟರ್‌ನ ಹೊಳಪು, ಹೋಲ್ಡರ್, ವೈರು ಎಲ್ಲವೂ ಹಾಳಾಗುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಕೆಲಸಕ್ಕೆ ಕೈ ಹಾಕುವ ಮುನ್ನ ಮಸುಕು ಎಲ್ಲಿದೆ ಎಂದು ತಿಳಿದುಕೊಳ್ಳಬೇಕು. ಇದಕ್ಕೆ ಒಂದು ಲೋಟ ನೀರು ಸಾಕು. ಲೆನ್ಸನ್ನು ತೊಳೆದು ಒಣಗಿಸಿ, ನಂತರ ಅದರ ಮೇಲೆ ನೀರು ಸುರಿದು ನೋಡಿ. ಒದ್ದೆಯಾಗಿರುವಷ್ಟು ಹೊತ್ತು ಲೆನ್ಸ್ ತಿಳಿಯಾಗಿ ಕಂಡು, ಒಣಗಿದಂತೆ ಮತ್ತೆ ಮಬ್ಬಾದರೆ ದೋಷ ಹೊರಮೈಯಲ್ಲೇ ಇದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಪಾಲಿಕಾರ್ಬೊನೇಟ್‌ಗೆ 1.58, ನೀರಿನದು 1.33, ಗಾಳಿಯದು ಹೆಚ್ಚು ಕಡಿಮೆ 1. ಸಣ್ಣ ಗುಳಿ, ಗೀರುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡಾಗ ಆ ಅಂತರ ಕಿರಿದಾಗಿ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಹೊಸ ಲೇಪನ ಹಚ್ಚಿದ ಮೇಲೆ ಲೆನ್ಸ್ ಸುಮಾರಾಗಿ ಹೇಗೆ ಕಾಣುತ್ತದೆ ಎಂಬುದನ್ನೂ ಈ ಒದ್ದೆ ನೋಟ ಮೊದಲೇ ತೋರಿಸಿಬಿಡುತ್ತದೆ. ನೀರು ಸುರಿದರೂ ಏನೂ ಬದಲಾಗದಿದ್ದರೆ ದೋಷ ಲೆನ್ಸ್‌ನ ಒಳಮೈಯಲ್ಲಿ ಅಥವಾ ರಿಫ್ಲೆಕ್ಟರ್‌ನಲ್ಲಿದೆ, ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಮಳೆಯ ನಂತರ ಅಥವಾ ತೊಳೆದ ಮೇಲೆ ಒಳಗೆ ತೆಳುವಾಗಿ ಕಟ್ಟಿಕೊಳ್ಳುವ ಹಬೆ, ದೀಪವನ್ನು ಸ್ವಲ್ಪ ಹೊತ್ತು ಉರಿಸಿದಾಗ ಮಾಯವಾದರೆ ಚಿಂತಿಸಬೇಕಿಲ್ಲ. ಗಾಳಿಯಾಡಲು ದೀಪದ ಹಿಂಭಾಗದಲ್ಲಿ ಕಿಂಡಿಗಳಿರುವುದರಿಂದ ಅದು ಸಹಜ. ನೀರು ತಳದಲ್ಲಿ ನಿಂತಿದ್ದರೆ ಮಾತ್ರ ಸೀಲ್ ಬಿಟ್ಟಿದೆ ಎಂದರ್ಥ.

ಇನ್ನೊಂದು ಬಗೆಯ ದೋಷವೂ ಇದೆ. ದೀಪ ಉರಿಸಿ ಓರೆಯಾಗಿ ನೋಡಿದಾಗ ಜೇಡರ ಬಲೆಯಂತಹ ಸಣ್ಣ ಬಿರುಕುಗಳು ಪ್ಲಾಸ್ಟಿಕ್ಕಿನ ಆಳದಲ್ಲಿ ಮಿನುಗುತ್ತವೆ. ಮೇಲಿನ ಲೇಪನವಷ್ಟೇ ಬಿರಿದಿದ್ದರೆ ಅದು ಉಜ್ಜಿದಾಗ ಹೋಗುತ್ತದೆ. ಆದರೆ ಬಿರುಕು ಆಳಕ್ಕೆ ಇಳಿದಿದ್ದರೆ, ಮೂರು ಮಿಲಿಮೀಟರ್ ಆಸುಪಾಸಿನ ದಪ್ಪವಿರುವ ಲೆನ್ಸನ್ನು ಅದು ಹೋಗುವಷ್ಟು ಸವೆಸುವುದು ವಿವೇಕವಲ್ಲ. ಅಂತಹ ದೀಪವನ್ನು ಬದಲಿಸುವುದೇ ಸರಿ. ಹಳೆಯ ವಾಹನವಾದರೆ ಲೆನ್ಸ್ ಗಾಜಿನದೇ ಪ್ಲಾಸ್ಟಿಕ್ಕಿನದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಯುರೋಪಿನ ನಿಯಮಾವಳಿಯಂತೆ ಅನುಮೋದನೆ ಪಡೆದ ಹೆಡ್‌ಲೈಟ್‌ಗಳಲ್ಲಿ ಪ್ಲಾಸ್ಟಿಕ್ ಲೆನ್ಸ್ ಇದ್ದರೆ ಅದರ ಮೇಲಿನ ಗುರುತುಗಳ ನಡುವೆ ‘ಪಿಎಲ್’ ಎಂಬ ಅಕ್ಷರಗಳಿರುತ್ತವೆ.

ಮಾಡಬಾರದ ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಉಜ್ಜುವಾಗ ಆಗುವ ತಪ್ಪನ್ನು ಮತ್ತೆ ಉಜ್ಜಿ ಸರಿಪಡಿಸಬಹುದು, ರಾಸಾಯನಿಕದಿಂದ ಆದ ಹಾನಿಯನ್ನು ಸರಿಪಡಿಸಲಾಗದು. ಪೇಂಟ್ ಥಿನ್ನರ್, ಅಸಿಟೋನ್, ಪೆಟ್ರೋಲ್, ಬ್ರೇಕ್ ಆಯಿಲ್ ಯಾವುದನ್ನೂ ಪಾಲಿಕಾರ್ಬೊನೇಟ್‌ಗೆ ತಾಗಿಸಬೇಡಿ. ಇವು ಪ್ಲಾಸ್ಟಿಕ್ಕಿನೊಳಕ್ಕೆ ಇಳಿದು, ಅಚ್ಚು ಹಾಕುವಾಗ ಅದರಲ್ಲಿ ಉಳಿದ ಬಿಗಿತವನ್ನು ಬಿರುಕುಗಳಾಗಿ ಹೊರಗೆಡಹುತ್ತವೆ. ಅಮೋನಿಯ ಬೆರೆತ ಗಾಜು ಶುಚಿಕಾರಕಗಳೂ ಬೇಡ. ಸೊಳ್ಳೆ ನಿವಾರಕವನ್ನು ಸಿಂಪಡಿಸಿ ಒರೆಸಿದರೆ ಕ್ಷಣದಲ್ಲಿ ತಿಳಿಯಾಗುವ ವಿಡಿಯೋಗಳನ್ನು ನೀವು ನೋಡಿರಬಹುದು. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಮೇಲ್ಮೈಯನ್ನು ಮೆತ್ತಗಾಗಿಸಿ ಗುಳಿಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಅಷ್ಟೇ. ಅದು ಬಣ್ಣದ ಮೇಲೆ ಸೋರಿದರೆ ಬಣ್ಣವೂ ಹಾಳಾಗುತ್ತದೆ. ಬಿಸಿ ಮಾಡಿದ ಪಾತ್ರೆಯಿಂದ ಲೆನ್ಸ್ ಮೇಲೆ ಆವಿ ಹಾಯಿಸುವ ಕಿಟ್‌ಗಳ ಬಗ್ಗೆಯೂ ಎಚ್ಚರವಿರಲಿ. ಆ ಆವಿ ಸಾಮಾನ್ಯವಾಗಿ ಡೈಕ್ಲೋರೋಮೀಥೇನ್ ಅಥವಾ ಕ್ಲೋರೋಫಾರ್ಮ್‌ನಂತಹ ದ್ರಾವಕದ್ದು. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ನಯಗೊಳಿಸುತ್ತದೆ, ನೋಡಲು ಬಹಳ ಸೊಗಸಾಗಿರುತ್ತದೆ. ಆದರೆ ನೇರಳಾತೀತ ಕಿರಣಗಳಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಮುಂದೆ ಬಿರುಕಿಗೆ ದಾರಿ ಮಾಡಬಹುದು, ಎಲ್ಲಕ್ಕಿಂತ ಮಿಗಿಲಾಗಿ ಉಸಿರಾಡಲು ಅಪಾಯಕಾರಿ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ದಿನವೂ ಮಾಡುವ ಕೆಲಸಗಾರರನ್ನು ನೆನೆದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಇನ್ನು ಉಜ್ಜುವ ಕೆಲಸ. ಲೆನ್ಸನ್ನು ಶಾಂಪೂ ನೀರಿನಿಂದ ಚೆನ್ನಾಗಿ ತೊಳೆದು, ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಪದರವಾಗಿ ಅಂಟಿಸಿ. ಬಂಪರ್‌ನ ಅಂಚಿನಲ್ಲಿ ಒಮ್ಮೆ ಕಾಗದ ಜಾರಿದರೂ ಬಣ್ಣ ಹೋಗುತ್ತದೆ. ಲೇಪನ ಚಕ್ಕೆಯೇಳುವಷ್ಟು ಹಾಳಾಗಿದ್ದರೆ 600 ಅಥವಾ 800 ನಂಬರ್ ವಾಟರ್ ಪೇಪರ್‌ನಿಂದ ಆರಂಭಿಸಿ. ಬರೀ ತೆಳುವಾದ ಹಳದಿ ಛಾಯೆಯಿದ್ದರೆ 1000 ನಂಬರ್ ಸಾಕು. ನಂಬರ್ ಹೆಚ್ಚಿದಷ್ಟೂ ಕಾಗದ ನಯವಾಗಿರುತ್ತದೆ. ಕಾಗದವನ್ನು ನೀರಿನಲ್ಲಿ ನೆನೆಸಿ, ಮೆತ್ತನೆಯ ರಬ್ಬರ್ ಅಥವಾ ಸ್ಪಂಜಿನ ತುಂಡಿಗೆ ಸುತ್ತಿ, ಎರಡು ಹನಿ ಶಾಂಪೂ ಬೆರೆತ ನೀರನ್ನು ಸತತವಾಗಿ ಚಿಮುಕಿಸುತ್ತ, ಅಡ್ಡಡ್ಡವಾಗಿ ಒಂದೇ ದಿಕ್ಕಿನಲ್ಲಿ ಸಮನಾದ ಒತ್ತಡದಿಂದ ಉಜ್ಜಬೇಕು. ಬೆರಳ ತುದಿಯಿಂದ ಒತ್ತಿದರೆ ಬೆರಳಿನ ಅಗಲದ ಹಳ್ಳಗಳು ಬೀಳುತ್ತವೆ.

ಮೊದಲು ಹರಿಯುವ ನೀರು ಹಳದಿಯಾಗಿ ಜಿಡ್ಡು ಜಿಡ್ಡಾಗಿರುತ್ತದೆ, ಆಮೇಲೆ ಹಾಲಿನ ಬಿಳುಪಿಗೆ ತಿರುಗುತ್ತದೆ. ಇಡೀ ಲೆನ್ಸ್‌ನಿಂದ ಬಿಳಿ ನೀರು ಬರುವವರೆಗೆ ಮುಂದಿನ ಕಾಗದಕ್ಕೆ ಹೋಗಬಾರದು. ಹೆಚ್ಚಿನ ದುರಸ್ತಿಗಳು ಕೆಡುವುದು ಇದೇ ಹಂತದಲ್ಲಿ. ಹಳೆಯ ಲೇಪನ ಮಧ್ಯಭಾಗದಲ್ಲಿ ಹೋಗಿ ಅಂಚುಗಳಲ್ಲಿ ಉಳಿದುಕೊಂಡಿರುತ್ತದೆ. ಒರೆಸಿ ಒಣಗಿಸಿ ಓರೆ ಬೆಳಕಿನಲ್ಲಿ ನೋಡಿದರೆ ಭೂಪಟದಲ್ಲಿನ ಗಡಿರೇಖೆಯಂತೆ ಅದರ ಅಂಚು ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಪಾಲಿಷ್ ಮಾಡಿದರೆ ಆ ಗೆರೆ ಕೊನೆಯವರೆಗೂ ಉಳಿಯುತ್ತದೆ, ಹೊಸ ಲೇಪನವೂ ಮೊದಲು ಅಲ್ಲಿಂದಲೇ ಏಳುತ್ತದೆ. ಈ ಹಂತದಲ್ಲಿ ಲೆನ್ಸ್ ಪೂರ್ತಿ ಬೆಳ್ಳಗಾಗಿ, ಉಜ್ಜುವುದಕ್ಕೆ ಮೊದಲು ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಸಮನಾಗಿ ಬೆಳ್ಳಗಾಗಿರುವುದು ಕೆಲಸ ಸರಿಯಾಗಿ ನಡೆಯುತ್ತಿರುವುದರ ಲಕ್ಷಣ.

ಅನಂತರ 1000, 1500, 2000, 3000 ಎಂದು ಏರುತ್ತ ಹೋಗಬೇಕು. ಪ್ರತಿ ನಂಬರ್‌ಗೂ ಉಜ್ಜುವ ದಿಕ್ಕನ್ನು ಬದಲಿಸಿ, ಒಮ್ಮೆ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಹಿಂದಿನ ಕಾಗದದ ಗೆರೆಗಳು ಪೂರ್ತಿ ಮರೆಯಾಗಿವೆಯೇ ಎಂದು ಹೀಗೆ ಮಾಡಿದಾಗ ಮಾತ್ರ ತಿಳಿಯುತ್ತದೆ. ಒಂದು ನಂಬರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಲೆನ್ಸನ್ನೂ ಸ್ಪಂಜನ್ನೂ ತೊಳೆದು ನೀರನ್ನು ಬದಲಿಸಿ. 800ರ ಒಂದೇ ಒಂದು ಕಣ 2000 ನಂಬರ್ ಕಾಗದದ ಅಡಿಗೆ ಸಿಕ್ಕಿದರೂ ಉದ್ದನೆಯ ಗೀರು ಬಿದ್ದು ಹಿಂದಕ್ಕೆ ಹೋಗಬೇಕಾಗುತ್ತದೆ. ಕೊನೆಗೆ ಸ್ಪಂಜಿನ ಪ್ಯಾಡ್‌ನಲ್ಲಿ ರಬ್ಬಿಂಗ್ ಕಾಂಪೌಂಡ್ ಅಥವಾ ಪ್ಲಾಸ್ಟಿಕ್ ಪಾಲಿಷ್ ಹಚ್ಚಿ ಬಫಿಂಗ್ ಮಾಡಿ. ಮಷಿನ್ ಬಳಸುವುದಾದರೆ ಕಡಿಮೆ ವೇಗದಲ್ಲಿ, ಒಂದೆಡೆ ನಿಲ್ಲಿಸದೆ ಚಲಿಸುತ್ತಿರಲಿ. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೈಕಿನ ಕೆಲವು ವಿಂಡ್‌ಶೀಲ್ಡ್‌ಗಳಲ್ಲಿ ಬಳಸುವ ಅಕ್ರಿಲಿಕ್ ಎಂಬ ಇನ್ನೊಂದು ಪ್ಲಾಸ್ಟಿಕ್ 105ರ ಆಸುಪಾಸಿನಲ್ಲಿ ಮೆದುವಾಗುತ್ತದೆ. ವೇಗವಾಗಿ ತಿರುಗುವ ಪ್ಯಾಡ್‌ನ ಅಡಿಯಲ್ಲಿ ಅಷ್ಟು ಶಾಖ ಹುಟ್ಟಲು ಹೆಚ್ಚು ಹೊತ್ತು ಬೇಡ.

ಲೇಪನದ ವಿಚಾರಕ್ಕೆ ಬರೋಣ. ಪಾಲಿಷ್ ಮಾಡಿದ ಲೆನ್ಸ್ ಫಳಫಳ ಹೊಳೆಯುವಾಗ ಕೆಲಸ ಮುಗಿಯಿತೆಂದು ಅನ್ನಿಸುವುದು ಸಹಜ. ಆದರೆ ಆ ಗಳಿಗೆಯಲ್ಲಿ ಅದು ಅತ್ಯಂತ ಅಸಹಾಯಕ ಸ್ಥಿತಿಯಲ್ಲಿರುತ್ತದೆ. ವ್ಯಾಕ್ಸ್ ಹಚ್ಚಿದರೆ ಕೆಲವು ವಾರಗಳಲ್ಲಿ ತೊಳೆದುಹೋಗುತ್ತದೆ. ಸೆರಾಮಿಕ್ ಕೋಟಿಂಗ್ ನೀರನ್ನು ಜಾರಿಸುತ್ತದೆ, ಸ್ವಲ್ಪ ಗಟ್ಟಿತನವನ್ನೂ ಕೊಡುತ್ತದೆ. ಆದರೆ ಅದು ಬಹಳ ತೆಳುವಾದ್ದರಿಂದ ನೇರಳಾತೀತ ಕಿರಣಗಳನ್ನು ತಡೆಯುವ ಕೆಲಸವನ್ನು ಅದೊಂದರ ಮೇಲೆ ಹೊರಿಸಲಾಗದು.

ನಾನು ಸೂಚಿಸುವ ಆಯ್ಕೆಗಳು ಮೂರು. ಮೊದಲನೆಯದು, ಹೆಡ್‌ಲೈಟ್‌ಗೆಂದೇ ತಯಾರಾದ, ಬಟ್ಟೆಯಿಂದ ಒರೆಸಿ ಹಚ್ಚುವ ಪಾರದರ್ಶಕ ಲೇಪನ. ಮನೆಯಲ್ಲಿ ಮಾಡುವವರಿಗೆ ಇದು ಅತಿ ಸುಲಭ. 3000ದವರೆಗೆ ಉಜ್ಜಿ, ಪಾಲಿಷ್‌ನ ಎಣ್ಣೆಯಂಶ ಉಳಿಯದಂತೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ನಾರು ಬಿಡದ ಬಟ್ಟೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಎಳೆಯಬೇಕು. ಎಳೆದ ಜಾಗವನ್ನು ಮತ್ತೆ ಮುಟ್ಟಬಾರದು. ಎರಡನೆಯದು, ಹಾರ್ಡನರ್ ಬೆರೆಸಿ ಸಿಂಪಡಿಸುವ ವಾಹನದ ಕ್ಲಿಯರ್ ಕೋಟ್, ಅಂದರೆ ಟೂ-ಕೆ ಕ್ಲಿಯರ್. ಬಾಳಿಕೆಯ ದೃಷ್ಟಿಯಿಂದ ನನ್ನ ಒಲವು ಇದರ ಕಡೆಗೆ. ಇದಕ್ಕೆ ಪಾಲಿಷ್ ಮಾಡಲೇಬಾರದು. 1000 ನಂಬರ್‌ಗೇ ನಿಲ್ಲಿಸಿ ಮೇಲ್ಮೈಯನ್ನು ಸ್ವಲ್ಪ ಒರಟಾಗಿ ಬಿಟ್ಟರೆ ಕ್ಲಿಯರ್ ಹಿಡಿದುಕೊಳ್ಳುತ್ತದೆ, ಆ ಗೀರುಗಳನ್ನು ಅದೇ ತುಂಬಿ ಪಾರದರ್ಶಕವಾಗಿಸುತ್ತದೆ. ಮೊದಲು ಮಂಜಿನಂತೆ ತೆಳುವಾಗಿ ಒಂದು ಕೋಟ್, ಅದು ಅಂಟಂಟಾದ ಮೇಲೆ ಎರಡು ಪೂರ್ಣ ಕೋಟ್ ಕೊಡಬೇಕು. ಒಮ್ಮೆಲೇ ದಪ್ಪವಾಗಿ ಹೊಡೆದರೆ ಅದರಲ್ಲಿನ ದ್ರಾವಕ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ಡಬ್ಬಿಯ ಮೇಲೆ ನೇರಳಾತೀತ ಕಿರಣಗಳಿಂದ ರಕ್ಷಣೆಯಿದೆ ಎಂದು ಬರೆದಿರಬೇಕು.

ಈ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಶ್ವಾಸಕೋಶವನ್ನು ಕೆರಳಿಸಿ ಆಸ್ತಮಾ ತರಬಲ್ಲದು. ಬಟ್ಟೆಯ ಅಥವಾ ದೂಳಿನ ಮಾಸ್ಕ್ ಇದಕ್ಕೆ ಏನೇನೂ ಸಾಲದು. ಸರಿಯಾದ ಉಸಿರಾಟದ ರಕ್ಷಣೆ, ಕೈಗವಸು, ಕನ್ನಡಕ ಇಲ್ಲದಿದ್ದರೆ ದೀಪವನ್ನು ಬಿಚ್ಚಿ ಪೇಂಟ್ ಬೂತ್ ಇರುವ ಗ್ಯಾರೇಜಿಗೆ ಕೊಡಿ. ಆಸ್ತಮಾ ಇರುವವರಂತೂ ಈ ಕೆಲಸದ ಹತ್ತಿರವೂ ಹೋಗಬಾರದು. ಹಾರ್ಡನರ್ ಇಲ್ಲದ ಸಾಧಾರಣ ಕ್ಲಿಯರ್ ಸ್ಪ್ರೇ ಈ ಮಟ್ಟದ ಬಾಳಿಕೆ ಕೊಡುವುದಿಲ್ಲ. ಏಳುವಾಗ ಪೊರೆ ಪೊರೆಯಾಗಿ ಎದ್ದು ಮತ್ತೆ ಮೊದಲಿನಿಂದ ಉಜ್ಜುವಂತಾಗುತ್ತದೆ.

ಮೂರನೆಯದು ಪಾರದರ್ಶಕ ರಕ್ಷಣಾ ಫಿಲ್ಮ್. ಚೆನ್ನಾಗಿ ಪಾಲಿಷ್ ಮಾಡಿದ ಲೆನ್ಸ್ ಮೇಲೆ ಅಂಟಿಸಿದರೆ ಸಣ್ಣ ಕಲ್ಲೇಟನ್ನೂ ತಡೆಯುತ್ತದೆ, ಹಾಳಾದಾಗ ಕಿತ್ತು ಬದಲಿಸಬಹುದು. ಉಬ್ಬು ತಗ್ಗು ಹೆಚ್ಚಿರುವ ಲೆನ್ಸ್‌ಗೆ ಸುಕ್ಕಿಲ್ಲದೆ ಕೂರಿಸುವುದು ಮಾತ್ರ ಕೈಪಳಗಿದವರ ಕೆಲಸ. ಯಾವುದನ್ನೇ ಆರಿಸಿದರೂ ಸಮಯದ ಲೆಕ್ಕ ಮರೆಯಬೇಡಿ: ಇಬ್ಬನಿ ಬೀಳುವ ಅಥವಾ ಗಾಳಿ ದೂಳೆಬ್ಬಿಸುವ ಹೊತ್ತಿನಲ್ಲಿ ಹಚ್ಚಬಾರದು, ತಯಾರಕರು ಹೇಳಿದಷ್ಟು ಹೊತ್ತು ನೀರು ತಾಗಿಸಬಾರದು. ಕೆಲಸವೆಲ್ಲ ಮುಗಿದ ಮೇಲೆ ಬೆಳಕು ಬೀಳುವ ಎತ್ತರವನ್ನು ಗೋಡೆಯ ಮೇಲೆ ಪರೀಕ್ಷಿಸಿ, ಮಸುಕಿನಲ್ಲಿ ಇಷ್ಟು ದಿನ ಕಾಣದಿದ್ದ ಹೊಂದಾಣಿಕೆಯ ದೋಷ ಈಗ ಕಾಣಬಹುದು.

ನೀವು ಕೇಳಿರುವ ಉಳಿದ ಮೂರು ವಸ್ತುಗಳಿಗೆ ಇದೇ ವಿಧಾನ ಹೊಂದುವುದಿಲ್ಲ, ಏಕೆಂದರೆ ಹೆಡ್‌ಲೈಟ್ ಮೂಲಕ ಬೆಳಕು ಹೊರಹೋದರೆ ಸಾಕು, ವಿಂಡ್‌ಶೀಲ್ಡ್ ಮತ್ತು ವೈಸರ್ ಮೂಲಕ ನೀವು ನೋಡಬೇಕು. ಬೈಕಿನ ವಿಂಡ್‌ಶೀಲ್ಡ್ ಅಕ್ರಿಲಿಕ್‌ನದಾಗಿರಬಹುದು ಅಥವಾ ಗಟ್ಟಿ ಲೇಪನವಿರುವ ಪಾಲಿಕಾರ್ಬೊನೇಟ್‌ನದಾಗಿರಬಹುದು. ಅಂಚಿನಲ್ಲಿರುವ ಅಚ್ಚಿನ ಗುರುತನ್ನೋ ಕೈಪಿಡಿಯನ್ನೋ ನೋಡಿ ಮೊದಲು ತಿಳಿದುಕೊಳ್ಳಿ. ಅಕ್ರಿಲಿಕ್‌ಗೆ ಸಾಮಾನ್ಯವಾಗಿ ಲೇಪನವಿರುವುದಿಲ್ಲ, ಬಿಸಿಲನ್ನೂ ಅದು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ, ಹಾಗಾಗಿ ಉಜ್ಜಿ ಪಾಲಿಷ್ ಮಾಡಲು ಯೋಗ್ಯ. ಆದರೆ ಆಲ್ಕೊಹಾಲ್ ಅದನ್ನು ಬಿರುಕುಗೊಳಿಸುತ್ತದೆ, ಸೌಮ್ಯ ಸೋಪಿನ ನೀರು ಮಾತ್ರ ಬಳಸಿ.

ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪ್ಲಾಸ್ಟಿಕ್ ಪಾಲಿಷ್ ಒಂದರಿಂದಲೇ ಕೆಲಸವಾಗುತ್ತದೆ. ಸಿಕ್ಕಿಕೊಂಡರೆ ವಾಟರ್ ಪೇಪರ್ ಬೇಕಾಗುತ್ತದೆ, ಆದರೆ ಗೀರಿರುವ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ಸಣ್ಣ ತಗ್ಗು ಉಂಟಾಗಿ ಅದರಾಚೆಯ ರಸ್ತೆ ಡೊಂಕಾಗಿ ಕಾಣುತ್ತದೆ. ಗೀರಿನ ಸುತ್ತ ಅಂಗೈಯಗಲಕ್ಕಿಂತ ಹೆಚ್ಚು ಜಾಗಕ್ಕೆ ಹರಡಿ ಉಜ್ಜಬೇಕು. ದೃಷ್ಟಿಗೆ ನೇರವಾಗಿರುವ ಭಾಗದಲ್ಲಿ ಆಳವಾದ ಗೀರಿದ್ದರೆ, ಅಥವಾ ಲೇಪನವಿರುವ ಪಾಲಿಕಾರ್ಬೊನೇಟ್ ಆಗಿದ್ದರೆ, ಹೊಸ ಶೀಲ್ಡ್ ಹಾಕಿಸಿ.

ಹೆಲ್ಮೆಟ್ ವೈಸರ್ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ಉಜ್ಜಬೇಡಿ, ಬದಲಿಸಿ. ಹೊರಗಿನ ಗಟ್ಟಿ ಲೇಪನ ಮತ್ತು ಕೆಲವು ವೈಸರ್‌ಗಳಲ್ಲಿ ಒಳಗಿರುವ ಮಂಜುನಿರೋಧಕ ಪದರ, ಎರಡೂ ಪಾಲಿಷ್‌ಗೆ ಹಾಳಾಗುತ್ತವೆ. ಹಗಲಿನಲ್ಲಿ ಕಣ್ಣಿಗೆ ಬೀಳದ ಸಣ್ಣ ಗೀರುಗಳು ರಾತ್ರಿ ಎದುರಿನ ದೀಪಕ್ಕೆ ನಕ್ಷತ್ರಗಳಂತೆ ಹರಡಿಕೊಳ್ಳುತ್ತವೆ.

ಮೀಟರ್ ಗ್ಲಾಸ್ ಮೇಲಿನ ಕೂದಲೆಳೆಯ ಗೀರುಗಳು ಬಹುತೇಕ ಒಣ ಬಟ್ಟೆಯಿಂದ ದೂಳು ಒರೆಸಿದ್ದರಿಂದ ಬಂದಿರುತ್ತವೆ. ಒಣದಾಗಿ ಉಜ್ಜಿದಾಗ ಹುಟ್ಟುವ ಸ್ಥಿರವಿದ್ಯುತ್ತು ಮತ್ತಷ್ಟು ದೂಳನ್ನು ಸೆಳೆಯುತ್ತದೆ, ಅದನ್ನು ಮತ್ತೆ ಒಣ ಬಟ್ಟೆಯಿಂದ ಒರೆಸುತ್ತೇವೆ. ಹೊಳಪಿಲ್ಲದ, ಪ್ರತಿಫಲನ ತಡೆಯುವ ಮೇಲ್ಮೈಯಾಗಿದ್ದರೆ ಅದನ್ನು ಮುಟ್ಟಬೇಡಿ, ಪಾಲಿಷ್ ಮಾಡಿದ ಜಾಗ ಕಲೆಯಂತೆ ಹೊಳೆಯುತ್ತದೆ. ಸಾದಾ ಹೊಳಪಿನ ಪ್ಲಾಸ್ಟಿಕ್ ಆಗಿದ್ದರೆ ಅಂಚಿನ ಸಂದುಗಳಿಗೆ ಟೇಪ್ ಅಂಟಿಸಿ, ಮೈಕ್ರೊಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಪಾಲಿಷ್ ಹಾಕಿ, ಮಷಿನ್ ಇಲ್ಲದೆ ಕೈಯಿಂದಲೇ ಹಗುರವಾಗಿ ಉಜ್ಜಿ. ವಾಟರ್ ಪೇಪರ್ ಇಲ್ಲಿ ಬೇಡವೇ ಬೇಡ. ಮುಂದೆ ಒರೆಸುವಾಗ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಮೊದಲು ದೂಳನ್ನು ಎತ್ತಿ ತೆಗೆದು, ಆಮೇಲೆ ಬಟ್ಟೆಯ ಇನ್ನೊಂದು ಮಗ್ಗುಲಿನಿಂದ ಒರೆಸಿ.